ಐದನೇ ಚಿತ್ರದ ಕೈ

ಎರಡನೇ ಒದೆತಕ್ಕೇ ಚಿಲಕ ಅರ್ಧ ಕಿತ್ತು ಬಂತು. ಮೂರನೆಯದಕ್ಕೆ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ನನ್ನ ಕಂಕುಳಲ್ಲಿ ಒಂದು ತಾಮ್ರದ ಫಲಕ. ಪಕ್ಕದಲ್ಲಿ ಅದನ್ನು ಕೊರೆದ ಕಲಾವಿದನ ಮಗಳು. ಹೊರಗೆ ಅಧ್ಯಕ್ಷರ ಡ್ರೈವರ್, ಜೊತೆಗೆ ಇನ್ನಿಬ್ಬರು. ನಾನೂ ಅಧ್ಯಕ್ಷರ ಕೆಲಸಕ್ಕೇ ಬಂದವನು... ಹತ್ತು ನಿಮಿಷದ ಹಿಂದಿನವರೆಗೆ!

ಮೊದಲಿಂದ ಹೇಳುತ್ತೇನೆ, ಕೇಳಿ. ತಲೆಮರೆಸಿಕೊಂಡವರನ್ನು ಹುಡುಕಿಕೊಡುವುದು ನನ್ನ ಕಸುಬು.

ಕ್ರಾಂತಿಗೆ ಐವತ್ತು ವರ್ಷ ತುಂಬಿತ್ತು. ಆ ದಿನಗಳನ್ನು ಕಣ್ಣಾರೆ ಕಂಡು, ತಾಮ್ರದ ಮೇಲೆ ಕೊರೆದು, ಕಾಗದಕ್ಕೆ ಅಚ್ಚೊತ್ತಿದ ಕಲಾವಿದ ಹೋದ ವರ್ಷ ತೀರಿಕೊಂಡಿದ್ದ. ಅವನ ಎಂಟು ಚಿತ್ರಗಳ ಪ್ರದರ್ಶನ ಏರ್ಪಾಡಾಗಿತ್ತು. ಅದರ ಸಮಿತಿಗೆ ಅಧ್ಯಕ್ಷರು ಕ್ರಾಂತಿಯ ಹಳೇ ಹುಲಿ. ಬಲಗೈಗೆ ಸದಾ ಕಪ್ಪು ಗ್ಲೌಸ್. ಹೋರಾಟದಲ್ಲಿ ಸುಟ್ಟ ಕೈ ಅಂತ ಊರೆಲ್ಲ ಕೈ ಮುಗಿಯುತ್ತಿತ್ತು. ನಾನೂ ಮುಗಿದಿದ್ದೆ.

ಐದನೇ ಚಿತ್ರದಲ್ಲಿ ಜನ ಜೈಲಿನ ಬಾಗಿಲು ಒಡೆಯುತ್ತಿದ್ದಾರೆ. ಮೇಲೆ ಬಾಲ್ಕನಿಯಲ್ಲಿ ಬೆನ್ನು ತೋರಿಸಿ ನಿಂತ ಒಬ್ಬ, ಚಾವಣಿಯ ಸೈನಿಕರಿಗೆ ಕೈ ಎತ್ತಿ ಸನ್ನೆ ಮಾಡುತ್ತಿದ್ದಾನೆ. ಎತ್ತಿದ್ದು ಎಡಗೈ. ಅದರಲ್ಲಿ ಎರಡು ಬೆರಳಿಲ್ಲ. ಆ ಸನ್ನೆಗೆ ಸತ್ತವರು ನಲವತ್ತು ಜನ.

"ಆ ದ್ರೋಹಿ ಬದುಕಿದ್ರೆ ಹುಡುಕಿ ಕೊಡು," ಎಂದರು ಅಧ್ಯಕ್ಷರು.

ಒಂದೇ ದಿನದಲ್ಲಿ ಹುಡುಕಿದೆ! ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ಬೈಂಡಿಂಗ್ ಅಂಗಡಿಯ ತಾತ. ಶಾಲೆಯಲ್ಲಿದ್ದಾಗ ನನ್ನ ಹರಿದ ಪುಸ್ತಕಗಳಿಗೆ ರಟ್ಟು ಹಾಕಿಕೊಟ್ಟವರು ಅವರೇ. ಎಡಗೈಯಲ್ಲಿ ಮೂರೇ ಬೆರಳು. ಹದಿನೆಂಟನೇ ವಯಸ್ಸಿನಲ್ಲೇ ಕಟಿಂಗ್ ಮಷೀನಿಗೆ ಹೋಯಿತಪ್ಪ ಎಂದು ಹೇಳಿದರು. ಸಿಕ್ಕಿಬಿದ್ದವರೆಲ್ಲ ಯಾವುದಾದರೂ ಒಂದು ಮಷೀನಿನ ಹೆಸರು ಹೇಳುತ್ತಾರೆ ಎಂದು ನಾನು ನಕ್ಕೆ. ಆ ನಗು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಮರುದಿನ ಪೇಪರಿನಲ್ಲಿ ತಾತನ ಫೋಟೋ ಬಂತು. ಸಂಜೆಯೊಳಗೆ ಅಂಗಡಿಯ ಗಾಜು ಪುಡಿಪುಡಿ. ಇವತ್ತು ಹನ್ನೊಂದು ಗಂಟೆಗೆ ಅಧ್ಯಕ್ಷರು ಮೈಕಿನಲ್ಲಿ ತಾತನ ಹೆಸರು ಹೇಳಬೇಕು, ಜನ ಸಭೆಯಿಂದ ನೇರ ಅಂಗಡಿಗೆ ನುಗ್ಗಬೇಕು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ನನಗೆ ಇನ್ನೊಂದು ಕೆಲಸ ಒಪ್ಪಿಸಿದ್ದರು. ಆ ಚಿತ್ರದ ತಾಮ್ರದ ಫಲಕವನ್ನು ಕಲಾವಿದನ ಮಗಳಿಂದ ತರುವುದು. ಮ್ಯೂಸಿಯಮ್ಮಿಗೆ ಬೇಕಂತೆ. ಆಕೆ ಫಲಕಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿ ತೋರಿಸಿದಳು. ಬಾಲ್ಕನಿಯವನು ಎತ್ತಿದ್ದು ಬಲಗೈ!

"ಅಪ್ಪ ಕಂಡದ್ದನ್ನ ಕಂಡ ಹಾಗೇ ಕೊರೀತಿದ್ರು ಅಣ್ಣ," ಎಂದಳು. "ಕಾಗದಕ್ಕೆ ಒತ್ತಿದಾಗ ಎಡ ಬಲಕ್ಕೆ, ಬಲ ಎಡಕ್ಕೆ ಬರುತ್ತೆ."

ಹಾಗಿದ್ದರೆ ಚಿತ್ರದಲ್ಲಿ ಜೈಲಿನ ಬೋರ್ಡು ಹೇಗೆ ಸರಿಯಾಗಿ ಓದಲು ಬರುತ್ತದೆ ಎಂದೆ. ಅಕ್ಷರಗಳನ್ನು ಮಾತ್ರ ತಿರುಗಿಸಿ ಕೊರೆಯುತ್ತಿದ್ದರಂತೆ. ಆ ಬೋರ್ಡನ್ನು ನಂಬಿ ಉಳಿದದ್ದನ್ನೆಲ್ಲ ನಂಬಿದ್ದೆ. ಚಿತ್ರದಲ್ಲಿ ಗಡಿಯಾರದ ಗೋಪುರ ಬಾಗಿಲಿನ ಎಡಕ್ಕಿದೆ. ಊರಿನಲ್ಲಿ ಅದು ಬಲಕ್ಕಿದೆ. ಅದರ ಕೆಳಗೇ ಇಪ್ಪತ್ತು ವರ್ಷದಿಂದ ಟೀ ಕುಡಿಯುತ್ತಿದ್ದೇನೆ... ಪತ್ತೇದಾರನಂತೆ, ಪತ್ತೇದಾರ!

ದಡ್ಡತನಕ್ಕೆ ಕೊನೆಯಿಲ್ಲ ನೋಡಿ. ತಕ್ಷಣ ಅಧ್ಯಕ್ಷರಿಗೇ ಫೋನು ಮಾಡಿ, ಫಲಕದಲ್ಲಿ ಬಲಗೈ ಇದೆ ಸಾರ್, ಇವನು ತಾತ ಅಲ್ಲ ಎಂದೆ. ಆ ಕಡೆಯಿಂದ ಫೋನ್ ಕಟ್. ಆಗ ನೆನಪಾಯಿತು ಕಪ್ಪು ಗ್ಲೌಸ್.

ಮೂರನೇ ಒದೆತಕ್ಕೆ ಬಾಗಿಲು ಬಿತ್ತು.

ಆಕೆ ಅಚ್ಚಿನ ಮಸಿಯ ಡಬ್ಬವನ್ನೇ ನೆಲಕ್ಕೆ ಸುರಿದಳು. ಡ್ರೈವರ್ ಜಾರಿ ಅಂಗಾತ ಬಿದ್ದ. ಎರಡನೆಯವನ ಮೊಣಕಾಲಿಗೆ ಫಲಕದ ಅಂಚಿನಿಂದ ಒಂದು ಕೊಟ್ಟೆ. ಮೂರನೆಯವನು ಕತ್ತಿನ ಪಟ್ಟಿ ಹಿಡಿದ. ಪಟ್ಟಿ ಅವನ ಕೈಯಲ್ಲೇ ಉಳಿಯಿತು. ಹಿಂದಿನ ಮೆಟ್ಟಿಲು, ಓಣಿ, ಆಕೆಯ ಸ್ಕೂಟರ್... ಹನ್ನೊಂದಕ್ಕೆ ಐದು ನಿಮಿಷ!

ಸಭಾಂಗಣದ ಬಾಗಿಲಲ್ಲಿ ದೊಣ್ಣೆ ಹಿಡಿದವರು ಆಗಲೇ ಸೇರಿದ್ದರು. ಅಧ್ಯಕ್ಷರು ಮೈಕಿನ ಮುಂದೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ನಾನು ವೇದಿಕೆ ಹತ್ತಿ ಐದನೇ ಚಿತ್ರದ ಪಕ್ಕ ಫಲಕ ಇಟ್ಟೆ. ಮಗಳು ಎಡ ಬಲದ ವಿಷಯ ಜನಕ್ಕೆ ವಿವರಿಸಿದಳು. ಅಪ್ಪ ಬೆನ್ನು ಮಾತ್ರ ಕಂಡಿದ್ದರು, ಯಾರೆಂದು ಅವರಿಗೂ ಗೊತ್ತಿರಲಿಲ್ಲ ಎಂದಳು.

"ಸಾರ್," ಎಂದೆ ನಾನು, "ಗ್ಲೌಸ್ ಒಂದ್ಸಲ ತೆಗೀರಿ."

ಅಧ್ಯಕ್ಷರು ನಗಲು ನೋಡಿದರು. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಎದ್ದು ನಿಂತರು. ಜೈಲಿನ ಬಾಗಿಲಲ್ಲಿ ತಮ್ಮನನ್ನು ಕಳೆದುಕೊಂಡವರು. "ತೆಗಿಯಪ್ಪ," ಎಂದರು ಮೆಲ್ಲಗೆ. "ಸುಟ್ಟ ಗಾಯ ತಾನೆ."

ಅಧ್ಯಕ್ಷರು ತೆಗೆಯಲಿಲ್ಲ. ಎಡಗೈಯಿಂದ ಬಲಗೈಯನ್ನು ಅವುಚಿ ಹಿಡಿದುಕೊಂಡರು. ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ದೊಣ್ಣೆ ಕೆಳಗಿಟ್ಟರು. ಗ್ಲೌಸನ್ನು ಆಮೇಲೆ ಪೊಲೀಸರು ತೆಗೆದರು. ಎರಡು ಬೆರಳಿನ ಜಾಗದಲ್ಲಿ ಹತ್ತಿ ತುಂಬಿತ್ತು.

ಎಲ್ಲರೂ ನನ್ನ ಬೆನ್ನು ತಟ್ಟಿದರು. ತಟ್ಟಿದ ಕಡೆಯೆಲ್ಲ ಉರಿಯುತ್ತಿತ್ತು.

ಮಧ್ಯಾಹ್ನ ಬೈಂಡಿಂಗ್ ಅಂಗಡಿಗೆ ಹೋದೆ. ತಾತನ ಹಣೆಗೆ ಬ್ಯಾಂಡೇಜು. ಒಬ್ಬರೇ ಗಾಜಿನ ಚೂರು ಗುಡಿಸುತ್ತಿದ್ದರು. ತಪ್ಪಾಯ್ತು ತಾತ ಎಂದೆ.

"ಮಷೀನಿಗೆ ಹೋಯ್ತು ಅಂತ ಹೇಳಿದ್ನಲ್ಲಪ್ಪ," ಎಂದರು ತಲೆ ಎತ್ತದೆ. ಕೋಪ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಬಗ್ಗಿ ಚೂರು ಆರಿಸತೊಡಗಿದೆ.

"ಬಿಡಪ್ಪಾ," ಎಂದರು. "ಕೈ ಕುಯ್ದುಕೊಂಡೀಯ."

ನನ್ನ ಕೈಗೆ ಏನೂ ಆಗಲಿಲ್ಲ. ಹತ್ತು ಬೆರಳೂ ನೆಟ್ಟಗಿವೆ, ತಾತನ ಕಡೆ ತೋರಿಸಿದ್ದೂ ಸೇರಿ.