ಗೂಡಿನ ಮೇಲಿನ ಕೆಂಪು ಚುಕ್ಕೆ

"ಕೈ ತೆಗೀರಿ!"

ಅವಳು ಅವನ ಮಣಿಕಟ್ಟನ್ನು ಹಿಡಿದೇಬಿಟ್ಟಿದ್ದಳು. ಕಂಪ್ಯೂಟರ್ ಪರದೆಯ ಮೇಲಿನ ಕೆಂಪು ಚುಕ್ಕೆ ಇನ್ನೂ ಉಳಿದಿತ್ತು. ಸದ್ಯ!

"ಇಟ್ಟಿಗೆ ಗೂಡು ರೀ ಅದು. ಅಳಿಸೋದೇ ನನ್ನ ಕೆಲಸ."

ನಿಜ. ಉಪಗ್ರಹ ಕಳಿಸುವ ಶಾಖದ ನಕ್ಷೆ ಮೊದಲು ಅವನ ಮೇಜಿಗೆ ಬರುತ್ತಿತ್ತು. ಕಾರ್ಖಾನೆ, ಕಸದ ಬೆಂಕಿ, ಇಟ್ಟಿಗೆ ಗೂಡು... ಮನುಷ್ಯರಿಂದಾದ ಬಿಸಿಯನ್ನೆಲ್ಲ ಅವನು ಅಳಿಸಬೇಕು. ಉಳಿದ ಬಿಸಿಯಲ್ಲಿ ಭೂಕಂಪದ ಸುಳಿವೇನಾದರೂ ಇದೆಯೇ ಎಂದು ಅವಳು ಹುಡುಕಬೇಕು. ಅವನು ಬಂದ ವಾರದಲ್ಲೇ ಆಫೀಸು ಅವನಿಗೆ 'ಒರೆಸುಬಟ್ಟೆ' ಎಂದು ಹೆಸರಿಟ್ಟಿತ್ತು. ಇಟ್ಟವಳು ಅವಳೇ!

"ನೆಲದ ಬಿರುಕಿನ ಮೇಲೇ ಗಾಳಿ ಬಿಸಿಯಾಗಿದೆ, ನೋಡಿ. ಗೂಡು ಅಂತ ನಿಮಗೆ ಹೇಗೆ ಗೊತ್ತು?"

"ನಮ್ಮಪ್ಪಂದು."

ಅವಳ ಹಿಡಿತ ಸಡಿಲಾಯಿತು, ಹಟ ಸಡಿಲಾಗಲಿಲ್ಲ. "ಹಾಗಾದ್ರೆ ಫೋನ್ ಮಾಡಿ ಕೇಳಿ, ಉರೀತಿದ್ಯಾ ಅಂತ."

ಅವನು ಹಿಂಜರಿದ. ಗೂಡು ನನಗೆ ಬೇಡ ಎಂದು ಮನೆ ಬಿಟ್ಟ ಮೇಲೆ ಅಪ್ಪ-ಮಗ ಮಾತಾಡಿರಲಿಲ್ಲ.

"ಯಾರಾದ್ರೂ ಸತ್ರೇನೋ?" ಎಂದರು ಅಪ್ಪ, ಫೋನೆತ್ತಿದ ಕೂಡಲೇ.

"ಇಲ್ಲಪ್ಪಾ... ಗೂಡು ಉರೀತಿದ್ಯಾ?"

"ಎಲ್ಲಿಂದ ಉರಿಯುತ್ತೆ? ಹಸಿ ಇಟ್ಟಿಗೆ ಒಣಗೇ ಇಲ್ಲ. ಬೆಂಕಿ ಹಚ್ಚಿ ತಿಂಗಳಾಯ್ತು."

ಫೋನಿಗೆ ಕೈ ಅಡ್ಡ ಹಿಡಿದು ಅವನು ಅದನ್ನೇ ಅವಳಿಗೆ ಹೇಳಿದ.

"ಭೂಕಂಪ ಆಗೇ ಆಗುತ್ತೆ ಅಂತಲ್ಲ..." ಅವಳ ದನಿ ತಗ್ಗಿತು. "ಆದ್ರೂ ಅವರು ಹೊರಗೆ ಮಲಗಲಿ."

ಅವನು ಅಂದೇ ರಜೆ ಹಾಕಿ ಊರಿಗೆ ಹೊರಟ.

ಆಮೇಲೆ? ಏನೂ ಆಗಲಿಲ್ಲ! ಚುಕ್ಕೆ ದಿನದಿಂದ ದಿನಕ್ಕೆ ಮಂಕಾಗಿ ಮಾಯವಾಯಿತು. ಅವಳಿಗೆ ಎದೆಯ ಭಾರ ಇಳಿದಂತಾಯಿತು, ಜೊತೆಗೆ ನಾಚಿಕೆ. ಅವನ ಫೋನೂ ಇಲ್ಲ. 'ಹುಲಿ ಬಂತು ಹುಲಿ ಅಂತ ಕೂಗಿದ ಹಾಗಾಯ್ತಲ್ಲ... ಕೋಪ ಬಂದಿರಬೇಕು.'

ವಾರ ಕಳೆದು ಬಂದವನ ಮೂಗು ಬಿಸಿಲಿಗೆ ಸುಲಿದಿತ್ತು. ಅವಳ ಮೇಜಿನ ಮೇಲೆ ಒಂದು ಇಟ್ಟಿಗೆ ಇಟ್ಟ.

"ಅಪ್ಪ ಕೊಟ್ರು. 'ಆ ಭೂಕಂಪದ ಹುಡುಗಿಗೆ, ಕಾಗದ ಹಾರದ ಹಾಗೆ ಇಟ್ಕೊಳ್ಳೋಕೆ' ಅಂತ."

"ಬೈತಿದಾರಾ?"

"ಸೊಳ್ಳೆಗೆ ಬೈದ್ರು. ಅಂಗಳದಲ್ಲಿ ಪಕ್ಕಪಕ್ಕ ಮಲಗಿದ್ವಿ ರೀ. ಭೂಮಿ ಅಲ್ಲಾಡಲಿಲ್ಲ, ಅಪ್ಪ ಅಲ್ಲಾಡಿದ್ರು! ಇಷ್ಟು ವರ್ಷದ ಮಾತೆಲ್ಲ ಆಡಿದ್ರು."

"ಮತ್ತೆ... ಒಂದು ಫೋನ್ ಮಾಡೋಕೇನಾಗಿತ್ತು?"

"ಮಾಡಿದ್ರೆ, ನನಗೆ ನೀವು ಬೇಕು ಅಂತ ಫೋನಲ್ಲೇ ಹೇಳಿಬಿಡ್ತಿದ್ದೆ. ಎದುರಿಗೇ ಹೇಳೋಣ ಅಂತ ಬಂದೆ."

ಅವಳ ಕಿವಿ ಬೆಚ್ಚಗಾಯಿತು. ನಗು ಮುಚ್ಚಿಕೊಳ್ಳಲು ಪರದೆಯತ್ತ ತಿರುಗಿ, ಚುಕ್ಕೆ ಕಂಡಿದ್ದ ದಿನದ ಹಳೇ ನಕ್ಷೆ ತೆರೆದು, ಮೌಸನ್ನು ಅವನತ್ತ ತಳ್ಳಿದಳು.

"ನೀವೇ ಗೆದ್ರಿ, ಒರೆಸುಬಟ್ಟೆ. ನನ್ನ ಚುಕ್ಕೆ ಅಳಿಸಿಬಿಡಿ. ಯಾರಾದ್ರೂ ನೋಡಿದ್ರೆ ನಗ್ತಾರೆ."

ಮೌಸಿನ ಮೇಲಿದ್ದ ಅವಳ ಕೈಯ ಮೇಲೆ ಅವನು ತನ್ನ ಕೈ ಇಟ್ಟ. ಅವಳು ಬಿಡಿಸಿಕೊಳ್ಳಲಿಲ್ಲ.

"ಅಳಿಸಲ್ಲ."