ಒಂಬತ್ತನೆಯ ಹಾಡಿನ ಟೇಪು

ಗಾಯಕಿ ಯೊಲಾಂಡ್ ಗ್ರೀವ್ಸ್‌ಳ ಎರಡನೆಯ ಆಲ್ಬಮ್ಮಿನ ಕೊನೆಯ ಹಾಡು ಕಳುವಾಗಿತ್ತು. ಎಂಟು ಟೇಪುಗಳು ಕಪಾಟಿನಲ್ಲಿ ಇದ್ದ ಹಾಗೇ ಇದ್ದವು. ಒಂಬತ್ತನೆಯದರ ಡಬ್ಬಿ ಮಾತ್ರ ಖಾಲಿ.

ಬ್ರಿಸ್ಟಲ್‌ನ ಆ ಸ್ಟುಡಿಯೋಗೆ ವಿನಿಫ್ರೆಡ್ ಬ್ರೇತ್‌ವೇಟ್‌ರನ್ನು ಕರೆತಂದವನು ಟ್ಯಾಕ್ಸಿ ಓಡಿಸುವ ಸೆಸಿಲ್. ಪಿಯಾನೋ ಶ್ರುತಿ ಮಾಡುವ ಕೆಲಸದಿಂದ ನಿವೃತ್ತರಾದ ಆಕೆ ಬಿಡಿಸಿದ ಒಗಟುಗಳಿಗೆಲ್ಲ ಅವನೇ ಸಾಕ್ಷಿ. ಹೆಂಡತಿ ತೀರಿಕೊಂಡ ಮೇಲೆ ಅವನು ಬಾಯಿಬಿಟ್ಟು ಮಾತಾಡುತ್ತಿದ್ದುದು ಆಕೆಯೊಬ್ಬರ ಜೊತೆಗೆ.

"ನಿನ್ನೆ ಸಂಜೆ ರೆಕಾರ್ಡಿಂಗ್ ಮುಗೀತು," ಎಂದ ನಿರ್ಮಾಪಕ ಹೋವರ್ಡ್, ಪಕ್ಕದಲ್ಲಿ ಕೂತಿದ್ದ ಯೊಲಾಂಡಳನ್ನು ತೋರಿಸುತ್ತಾ. "ನಾನೇ ಬೀಗ ಹಾಕಿ, ಇವಳನ್ನ ಮನೆಗೆ ಬಿಟ್ಟು, ಅಲ್ಲೇ ಊಟ ಮಾಡಿ ಮಲಗಿದೆ. ಬೇರೆ ಬೀಗದ ಕೈ ಇರೋದು ಲೆನಾಕ್ಸ್ ಹತ್ರ, ಬೆವರ್ಲಿ ಹತ್ರ."

ಲೆನಾಕ್ಸ್ ಬಾಸ್ ಗಿಟಾರ್ ನುಡಿಸುವವನು. ಉಣ್ಣೆಯ ಟೋಪಿಯೊಳಗೆ ಜಡೆಗಳ ದೊಡ್ಡ ಗಂಟು. ಬೆವರ್ಲಿ ಯೊಲಾಂಡಳ ಅಕ್ಕ, ಪುಟ್ಟ ಮೈಕಟ್ಟಿನವಳು, ಎಲ್ಲರಿಗೂ ಅನ್ನ-ಬೇಳೆ ಮಾಡಿ ತರುವವಳು.

ಟೇಪ್ ಯಂತ್ರದ ಮೇಲಿದ್ದ ಹೆಡ್‌ಫೋನನ್ನು ವಿನಿಫ್ರೆಡ್ ಎತ್ತಿ ನೋಡಿದರು. ಅದರ ಪಟ್ಟಿಯನ್ನು ಪೂರಾ ಒಳಕ್ಕೆ ಒತ್ತಿ ಚಿಕ್ಕದು ಮಾಡಲಾಗಿತ್ತು. ನಿನ್ನೆ ಕೊನೆಗೆ ಅದನ್ನು ಹಾಕಿಕೊಂಡಿದ್ದವನು ಹೋವರ್ಡ್; ಬೆಳಗ್ಗೆಯಿಂದ ಯಾರೂ ಮುಟ್ಟಿರಲಿಲ್ಲ.

ಬೆವರ್ಲಿ ಚಹಾ ಬಗ್ಗಿಸುತ್ತಾ, "ಅರ್ಧಕ್ಕೇ ನಿಂತ ಹಾಡು ತಾನೇ. ಇನ್ನೊಂದ್ಸಲ ಹಾಡಿದ್ರಾಯ್ತು ಬಿಡು," ಎಂದಳು. ಯೊಲಾಂಡ್ ಲೋಟವನ್ನು ಆಚೆ ಸರಿಸಿದಳು.

ವಿನಿಫ್ರೆಡ್ ಹೋವರ್ಡ್‌ನನ್ನು ಹೊರಗೆ ಕರೆದು, "ಹಾಡು ಅರ್ಧಕ್ಕೆ ನಿಂತಿದ್ದು ಹೌದಾ?" ಎಂದು ಕೇಳಿದರು.

"ಹೌದು. ಅಮ್ಮನ ಸಾವಿನ ಹಾಡು. ಹಾಡ್ತಾ ಹಾಡ್ತಾ ಅತ್ತುಬಿಟ್ಲು. ಆಗ ಇಲ್ಲಿದ್ದಿದ್ದು ನಾವಿಬ್ಬರೇ. ಹಾಗೇ ಇರ್ಲಿ ಅಂದೆ. ಯಾರಿಗೂ ಹೇಳ್ಬೇಡ ಅಂದ್ಲು, ನಾನು ಹೇಳಿಲ್ಲ." ಯೊಲಾಂಡಳೂ ಯಾರಿಗೂ ಹೇಳಿರಲಿಲ್ಲ.

ವಿನಿಫ್ರೆಡ್ ಎಲ್ಲರನ್ನೂ ಕೂರಿಸಿಕೊಂಡರು. "ಕದ್ದವರು ಮೊದಲು ಹಾಡು ಕೇಳಿದ್ದಾರೆ. ಇಷ್ಟು ಚಿಕ್ಕದು ಮಾಡಿರೋ ಈ ಹೆಡ್‌ಫೋನು ಹೋವರ್ಡ್ ತಲೆಗೆ ಹಿಡಿಯಲ್ಲ."

"ಕುಂಬಳಕಾಯಿ ತಲೆ ಅದು," ಎಂದ ಲೆನಾಕ್ಸ್.

"ನಿನ್ನ ಜಡೆ ಮೇಲೂ ಕೂರಲ್ಲಪ್ಪ. ಇನ್ನು, ಹಾಡು ಅರ್ಧಕ್ಕೆ ನಿಂತಿದ್ದು ಗೊತ್ತಿದ್ದಿದ್ದು ಹಾಡಿದವಳಿಗೆ, ಹೋವರ್ಡ್‌ಗೆ, ಇಬ್ಬರಿಗೇ. ಟೇಪು ಕೇಳಿದವರಿಗೆ ಮಾತ್ರ ಅದು ಗೊತ್ತಾಗೋಕೆ ಸಾಧ್ಯ. ಚಹಾ ಬಗ್ಗಿಸ್ತಾ ನೀನೂ ಅದನ್ನೇ ಹೇಳಿದೆ. ಯಾಕಮ್ಮಾ ಬೆವರ್ಲಿ?"

ಬೆವರ್ಲಿ ತನ್ನ ಚೀಲದಿಂದ ಟೇಪನ್ನು ತೆಗೆದು ಮೇಜಿನ ಮೇಲಿಟ್ಟಳು.

"ನಿನ್ನೆ ರಾತ್ರಿ ಊಟದ ಪಾತ್ರೆ ತಗೊಂಡು ಹೋಗೋಣ ಅಂತ ಬಂದೆ ಆಂಟಿ. ಯೊಲಾಂಡಳ ಹೊಸ ಹಾಡು ಕೇಳೋ ಆಸೆ ಆಯ್ತು." ತಂಗಿಯ ಕಡೆ ತಿರುಗಿದಳು. "ಅಮ್ಮನ ಕೈ ಹಿಡಿಯೋಕೆ ಒಬ್ಬರೂ ಇರ್ಲಿಲ್ಲ ಅಂತ ಹಾಡಿದ್ದೀಯ. ಹನ್ನೊಂದು ದಿನ ಅಮ್ಮನ ಹಾಸಿಗೆ ಪಕ್ಕದ ಕುರ್ಚಿ ಮೇಲೇ ಕೂತಿದ್ದೆ ಕಣೇ. ನೀನು ಊರೂರು ಸುತ್ತುತಾ ಹಾಡ್ತಿದ್ದೆ. ವಾಪಸ್ ಬಂದ್ಮೇಲೂ ಯಾರಿದ್ರು ಅಂತ ಕೇಳ್ಲಿಲ್ಲ. ಈ ಹಾಡನ್ನ ಊರೆಲ್ಲ ಕೇಳಿಬಿಟ್ರೆ, ನಾನು ಅಲ್ಲಿ ಇರ್ಲೇ ಇಲ್ಲ ಅಂತಾಗುತ್ತಲ್ಲ."

ಸೆಸಿಲ್ ಕಿಟಕಿಯ ಕಡೆ ನೋಡಿದ. ತನ್ನ ಹೆಂಡತಿ ತೀರಿಕೊಂಡಾಗ ಅವನು ಟ್ಯಾಕ್ಸಿಯಲ್ಲಿದ್ದ.

ಯೊಲಾಂಡ್, "ಅಮ್ಮ ಏನಾದ್ರೂ ಅಂದ್ಲಾ?" ಎಂದಳು.

"ರೇಡಿಯೋ ಹಾಕು ಅಂದ್ಲು. ನಿನ್ನ ಹಾಡು ಬರುತ್ತೆ ಅಂತ ಕಾದ್ಲು."

"ಬಂತಾ?"

"ಇಲ್ಲ. ನಾನೇ ಹಾಡಿದೆ. ನೀನೇ ಅಂದ್ಕೊಂಡ್ಲು. ನಾನೂ ಅಲ್ಲ ಅನ್ಲಿಲ್ಲ."