ಬಾಗಿಲ ಮೇಲಿನ ಬೂದುಗುಂಬಳ

"ಆ ಕಾಯಿ ಮುಟ್ಬೇಡಪ್ಪ. ಇಳಿಸ್ಲೂಬೇಡ, ಒಳಕ್ಕೂ ತರ್ಬೇಡ."

ಬೆಂಗಳೂರಿನ ಶ್ರೀನಗರದ ಹಾಳುಬಿದ್ದ ಹೋಟೆಲಿನ ಶಟರನ್ನು ಬಸವಪ್ರಸಾದ್ ಎತ್ತಿದ ಮೊದಲ ದಿನವೇ ಪಕ್ಕದ ಹೂವಿನ ಸಪ್ಪಲಮ್ಮ ಹೀಗೆಂದಿದ್ದಳು. ಬಾಗಿಲ ಮೇಲೆ ಹಗ್ಗದಲ್ಲಿ ಕುಂಕುಮ ಮೆತ್ತಿದ ಬೂದುಗುಂಬಳಕಾಯಿ ತೂಗುತ್ತಿತ್ತು. ಏಳು ವರ್ಷವಾದರೂ ಕೊಳೆತಿರಲಿಲ್ಲ. ಹಿಂದಿನ ಮಾಲೀಕ ತಿಮ್ಮರಾಯಪ್ಪನಿಗೆ ಯಾರೋ ಹಸಿವಿನ ಮಾಟ ಮಾಡಿಸಿದ್ದರಂತೆ. ತಿಂದಷ್ಟೂ ಹಸಿವು. ಉಣ್ಣುತ್ತಾ ಉಣ್ಣುತ್ತಾ ಕಡ್ಡಿಯಾಗಿ ಸತ್ತನಂತೆ. ಆಮೇಲೆ ಮಂತ್ರವಾದಿಯೊಬ್ಬ ಬಂದು ಆ ಮಾಟವನ್ನು ಈ ಕಾಯಿಯೊಳಗೆ ಕಟ್ಟಿ ಹೋಗಿದ್ದನಂತೆ.

ಬಸವಪ್ರಸಾದ್ ನಕ್ಕುಬಿಟ್ಟ. "ಹೋಟ್ಲವನಿಗೆ ಹಸಿವಿನ ಭಯ ಹೇಳ್ತೀಯಲ್ಲಜ್ಜಿ. ಹಸಿದೋರು ಬಂದ್ರೇನೇ ನನ್ನ ಒಲೆ ಉರಿಯೋದು."

ಅವನ ನಗುವಿಗೂ ಕಾರಣವಿತ್ತು ಬಿಡಿ. ತಿಪಟೂರಿನಿಂದ ಬಂದು ಬಿಟಿಎಂ ಲೇಔಟಿನ ಪಿ.ಜಿ.ಯೊಂದರಲ್ಲಿ ಆರು ವರ್ಷ ಯಾರದೋ ಒಲೆಯ ಮುಂದೆ ಬೆಂದವನು. ಈಗ ಆರು ಟೇಬಲ್ಲಿನ ಸ್ವಂತ ಹೋಟೆಲು. ಗಲ್ಲಾದಲ್ಲಿ ಹೆಂಡತಿ ಕಮಲಾದೇವಿ. ಮೂಲೆಯ ಟೇಬಲ್ಲು ಮೂರನೇ ಕ್ಲಾಸಿನ ಮಗಳು ಲಿಖಿತಾಳದು. ಮೂರು ತುತ್ತು ಉಣ್ಣಲು ಮುನ್ನೂರು ನಖರಾ ಮಾಡುವ ಹುಡುಗಿ. ಅವಳಿಗೆ ಉಣ್ಣಿಸುವುದೇ ಅವನಿಗೆ ದಿನದ ದೊಡ್ಡ ಸಂತೋಷ.

ಅವತ್ತು ಶನಿವಾರ, ಅಮಾವಾಸ್ಯೆ. ಬೋರ್ಡಿನ ಮೇಲೆ 'ಇಂದಿನ ವಿಶೇಷ: ಬೂದುಗುಂಬಳದ ಮಜ್ಜಿಗೆ ಹುಳಿ' ಎಂದು ಬೆಳಿಗ್ಗೆಯೇ ಬರೆದಾಗಿತ್ತು. ಹನ್ನೊಂದು ಗಂಟೆಗೆ ಮಾರ್ಕೆಟ್ಟಿನ ಕಾಯಿ ಹೆಚ್ಚಿದರೆ ಒಳಗೆಲ್ಲ ಕಪ್ಪು ನೀರು. ಊಟದ ಜನ ಬರಲು ಒಂದೂವರೆ ಗಂಟೆಯಷ್ಟೇ ಉಳಿದಿತ್ತು. ಬಸವಪ್ರಸಾದ್ ಸ್ಟೂಲು ಎಳೆದು ಬಾಗಿಲಿಗೆ ಹಾಕಿದ.

"ರೀ, ಬೇಡ ಕಣ್ರೀ," ಎಂದಳು ಕಮಲಾದೇವಿ.

"ಮೇಲಿನ ಬೂದಿ ಹಾಗೇ ಇದೆ ನೋಡು. ಬೂದಿ ಇರೋ ಕಾಯಿ ಕೆಟ್ಟಿರಲ್ಲ."

ಅಡುಗೆಯವನ ಲೆಕ್ಕದಲ್ಲಿ ಅದು ಸರಿಯೇ. ಅಡುಗೆಯವನ ಕಣ್ಣಿಗೆ ತರಕಾರಿ ತರಕಾರಿಯಾಗಿಯೇ ಕಾಣುತ್ತದೆ, ಅವನ ಕೇಡು ಅದು. ಕುಂಕುಮ ತೊಳೆದು ಕತ್ತಿ ಇಳಿಸಿದ. ಒಳಗೆ ಬೀಜವಿರಲಿಲ್ಲ. ತಿರುಳು ಬೆಚ್ಚಗಿತ್ತು. ಆಗಷ್ಟೇ ಬಸಿದ ಅನ್ನದ ವಾಸನೆ ಗಮ್ಮೆಂದು ಎದ್ದಿತು. ಎಲ್ಲೋ ಹೊಟ್ಟೆಯೊಂದು ಗುರ್ ಎಂದಿತು. ತನ್ನದೇ ಇರಬೇಕೆಂದುಕೊಂಡ, ತಿಂಡಿ ತಿಂದು ಗಂಟೆಯೂ ಆಗಿರದಿದ್ದರೂ.

ಬಡಿಸುವ ಮೊದಲು ರುಚಿ ನೋಡಬಾರದೆಂದು ಅವನ ಅವ್ವ ಕಲಿಸಿದ್ದಳು. ಕೈ ಅಳತೆಯಲ್ಲೇ ಉಪ್ಪು ಹಾಕಿ, ತೆಂಗಿನೆಣ್ಣೆಯ ಒಗ್ಗರಣೆ ಕೊಟ್ಟು ಇಳಿಸಿದ.

ಮೊದಲು ಹೊಗಳಿದವನು ಬ್ಯಾಂಕಿನ ವೇಣು. "ಸಖತ್ತಾಗಿದೆ ಸಾರ್. ಇನ್ನೊಂದು ಸೌಟು."

ಇನ್ನೊಂದು ಸೌಟು. ಮತ್ತೊಂದು. ಎರಡು ಗಂಟೆಯಾದರೂ ಒಬ್ಬರೂ ಕೈ ತೊಳೆಯಲು ಏಳಲಿಲ್ಲ. ಮಾತು ನಿಂತಿತ್ತು. ಟೇಬಲ್ಲಿನ ಮೇಲೆ ಮೊಬೈಲುಗಳು ಹೊಡೆದುಕೊಳ್ಳುತ್ತಿದ್ದವು, ಯಾರೂ ಎತ್ತಲಿಲ್ಲ. ಸೊರ್ ಸೊರ್ ಎಂದು ಸುರಿಯುವ ಸದ್ದು, ತಟ್ಟೆ ಕೆರೆಯುವ ಸದ್ದು, ಅಷ್ಟೇ. ಕರೆಂಟು ಹೋಯಿತು. ಫ್ಯಾನು ನಿಂತ ಮಬ್ಬಿನಲ್ಲಿ ಹುಳಿ ಮಜ್ಜಿಗೆಯ ವಾಸನೆ ಉಸಿರು ಕಟ್ಟಿಸಿತು. ವೇಣು ಕೈ ಒರೆಸುವ ಕಾಗದವನ್ನು ಅಗಿಯುತ್ತಿದ್ದ. ಅವನ ತುಟಿಯಲ್ಲಿ ರಕ್ತವಿತ್ತು.

"ಅಪ್ಪಾ, ಇನ್ನೂ ಬೇಕು."

ಬಸವಪ್ರಸಾದ್ ತಿರುಗಿ ನೋಡಿದ. ಮೂಲೆಯಲ್ಲಿ ಲಿಖಿತಾ. ಸ್ಕೂಲಿನಿಂದ ಬಂದವಳಿಗೆ ಅವಳಮ್ಮ ಬಡಿಸಿದ್ದಳು. ಎದುರಿಗೆ ಒಂಬತ್ತು ಖಾಲಿ ಬಟ್ಟಲು. ಕೆನ್ನೆ ಒಳಕ್ಕೆ ಹೋಗಿತ್ತು. ಬೆಳಿಗ್ಗೆ ಬಿಗಿಯಾಗಿದ್ದ ಬೆಲ್ಟು ಸೊಂಟದಿಂದ ಜಾರಿತ್ತು. ಮಗು ತನ್ನ ಜಡೆಯ ತುದಿಯನ್ನು ಕಚ್ಚಿ ನುಂಗುತ್ತಿತ್ತು.

ಅವನು ಸಪ್ಪಲಮ್ಮನ ಬಳಿಗೆ ಓಡಿದ. ಅವಳು ಅವನ ಮುಖ ನೋಡಿದಳು, ಬರಿದಾದ ಹಗ್ಗ ನೋಡಿದಳು. ಕೈಯಲ್ಲಿದ್ದ ಹೂವು ಉದುರಿತು.

"ಬಡಿಸ್ಬಿಟ್ಯಾ?"

"ನನ್ನ ಮಗಳೂ ತಿಂದವ್ಳೆ ಅಜ್ಜಿ. ಏನಾದ್ರೂ ಹೇಳು."

"ಕಾಯಿ ಕಟ್ಟಿದೋನು ಒಂದೇ ಹೇಳಿದ್ದ. ಒಡೆದ್ರೆ, ಕೊನೇ ಚೂರು ಯಾರ ಹೊಟ್ಟೆಗೆ ಹೋಗುತ್ತೋ ಆ ಹಸಿವೆಲ್ಲಾ ಅವರ ಪಾಲು. ಮಿಕ್ಕೋರು ಬಿಡುಗಡೆ."

"ಚೆಲ್ಲಿಬಿಟ್ರೆ?"

"ಎಲ್ಲರಲ್ಲೂ ಉಳೀತದೆ."

ಅವನು ತಿರುಗಿ ಓಡಿ ಬಂದಾಗ ಮೂಲೆಯ ಕುರ್ಚಿ ಖಾಲಿಯಿತ್ತು.

ಅಡುಗೆಮನೆ ಕತ್ತಲು. ಒಳಗೆ ಸೊರ್ ಸೊರ್ ಸದ್ದು. ಲಿಖಿತಾ ಪಾತ್ರೆಗೆ ಬಗ್ಗಿದ್ದಳು. ಎರಡೂ ಕೈಯಿಂದ ಬಳಿಯುತ್ತಿದ್ದಳು. ತಳದಲ್ಲಿ ಒಂದು ಸೌಟಿನಷ್ಟು ಉಳಿದಿತ್ತು. ಅವನು ಅವಳನ್ನು ಎಳೆದ. ಅವಳು ಅವನ ಮಣಿಕಟ್ಟು ಕಚ್ಚಿದಳು. ಬಿಡಲಿಲ್ಲ. ಹಲ್ಲು ಎಲುಬಿಗೆ ತಾಗಿತು. "ಕಮಲಾ, ಇವಳನ್ನ ಹಿಡ್ಕೋ." ಹೆಂಡತಿ ತಬ್ಬಿ ಹಿಡಿದಳು. ಹಿಂದೆ ಕುರ್ಚಿಗಳು ಸರಿದವು. ಎಲ್ಲರೂ ಎದ್ದಿದ್ದರು. ಬರುತ್ತಿದ್ದರು. ಪಾತ್ರೆ ಎತ್ತಿದ. ಕುಡಿದ. ತಳ ಕೆರೆದ. ಮಗಳ ಬೆರಳಿಗೆ ಅಂಟಿದ್ದನ್ನೂ ನೆಕ್ಕಿದ. ಒಂದು ಹನಿಯೂ ಬಿಡಲಿಲ್ಲ.

ಕರೆಂಟು ಬಂತು.

ವೇಣು ಹೊಟ್ಟೆ ಸವರಿಕೊಳ್ಳುತ್ತಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. "ಯಾಕೋ ಜಾಸ್ತಿ ಆಯ್ತು ಸಾರ್," ಎಂದು ಕೈ ತೊಳೆಯಲು ಹೋದ. ಲಿಖಿತಾ ಅಮ್ಮನ ಹೆಗಲಿಗೆ ಒರಗಿ, "ಸಾಕಮ್ಮ, ಇನ್ನು ಬೇಡ," ಎಂದಳು. ಆ ಮಾತು ಕೇಳಿ ಬಸವಪ್ರಸಾದ್ ಗಳಗಳನೆ ಅತ್ತ. ಅಳುತ್ತಿರುವಾಗಲೇ ಅವನ ಹೊಟ್ಟೆ ಗುರ್ ಎಂದಿತು.

ಅವತ್ತಿನಿಂದ ಅವನು ತಿನ್ನುತ್ತಲೇ ಇದ್ದ. ಬೆಳಿಗ್ಗೆ ನಲವತ್ತು ಇಡ್ಲಿ, ಮಧ್ಯಾಹ್ನ ಮೂರು ಸೇರಿನ ಅನ್ನ. ಮೈಮೇಲೆ ಒಂದು ಚೂರೂ ನಿಲ್ಲಲಿಲ್ಲ. ಒಂದು ಸಂಜೆ ಲಿಖಿತಾ ಪಕ್ಕ ಕೂತು, "ಇವತ್ತು ನಾನು ನಿಂಗೆ ತಿನ್ನಿಸ್ತೀನಿ ಅಪ್ಪ," ಎಂದು ತುತ್ತು ಕಲೆಸಿ ಬಾಯಿಗಿಟ್ಟಳು. ಅನ್ನ ಗಂಟಲಿಗಿಳಿಯಿತು. ಬೆರಳು ಬಾಯಲ್ಲೇ ಉಳಿಯಿತು. ಅವನ ಹಲ್ಲು ನಿಧಾನವಾಗಿ ಕೂಡತೊಡಗಿದ್ದವು.

"ಅಪ್ಪಾ, ನೋವು."

ಮಾರನೆಯ ಬೆಳಿಗ್ಗೆಯೇ ತಾಯಿ ಮಗಳಿಬ್ಬರನ್ನೂ ತಿಪಟೂರಿನ ಬಸ್ಸು ಹತ್ತಿಸಿದ. ತಾನು ಕರೆದರೂ ಬರಬೇಡಿ, ಅತ್ತು ಕರೆದರೂ ಬರಬೇಡಿ ಎಂದು ಹೆಂಡತಿಯಿಂದ ಆಣೆ ಮಾಡಿಸಿಕೊಂಡ.

ಮಗಳು ಈಗ ದಿನಾ ಸ್ಕೂಲಿನಿಂದ ಬಂದೊಡನೆ ಫೋನು ಮಾಡುತ್ತಾಳೆ.

"ಅಪ್ಪಾ, ಊಟ ಆಯ್ತಾ?"

ಇಳಿಸಿದ ಶಟರಿನ ಹಿಂದೆ, ಮೂಲೆಯ ಟೇಬಲ್ಲಿನಲ್ಲಿ ಕೂತ ಬಸವಪ್ರಸಾದ್ ಹಸಿ ಅಕ್ಕಿಯನ್ನು ಮುಕ್ಕುತ್ತಾ ಹೇಳುತ್ತಾನೆ: "ಆಯ್ತು ಮಗಳೇ. ಹೊಟ್ಟೆ ತುಂಬ್ತು."